ಟವರ್ ಇಲ್ಲದ ಕಡೆ ಉಪಗ್ರಹ ಫೋನ್: ಬಳಸಿದವರು ಹೇಳಿ

ಮೊಬೈಲ್ ಟವರೇ ಇಲ್ಲದ ಬೆಟ್ಟಸಾಲಿನಲ್ಲಿ ಕೆಲವು ವಾರ ಸಮೀಕ್ಷೆಯ ಕೆಲಸವಿದೆ. ಇರಿಡಿಯಂ ಕಂಪನಿಯ ಉಪಗ್ರಹ ಫೋನ್ ಒಯ್ಯಲೇ? ನನ್ನ ಮೊಬೈಲಿನಲ್ಲಿರುವ ಉಪಗ್ರಹ ಸಂದೇಶದ ಸೌಲಭ್ಯವೇ ಸಾಕೇ? ಬಳಸಿದವರು ದಯವಿಟ್ಟು ತಿಳಿಸಿ.

— ಫೋನನ್ನೇ ಒಯ್ಯಿರಿ. ಆದರೆ ಬೆಟ್ಟದಲ್ಲಿ ಅದರ ನಡತೆ ಬೇರೆ, ತಿಳಿದಿರಲಿ. ಇರಿಡಿಯಂನ 66 ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿರುತ್ತವೆ. ಒಂದೊಂದೂ ನಮ್ಮ ಕಣ್ಣಳತೆಯ ಆಕಾಶದಲ್ಲಿ ಇರುವುದು ಹತ್ತು ನಿಮಿಷದ ಆಸುಪಾಸು ಮಾತ್ರ; ಅಷ್ಟರಲ್ಲಿ ಕರೆ ಇನ್ನೊಂದು ಉಪಗ್ರಹಕ್ಕೆ ದಾಟಬೇಕು. ಬಯಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಣಿವೆಯಲ್ಲಿ ಮುಂದಿನ ಉಪಗ್ರಹ ಇನ್ನೂ ಗುಡ್ಡದ ಹಿಂದೆಯೇ ಇದ್ದರೆ ಮಾತು ಅರ್ಧಕ್ಕೆ ಕಡಿದುಹೋಗುತ್ತದೆ. ಆಗ ಮತ್ತೆ ಮತ್ತೆ ಡಯಲ್ ಮಾಡಿ ಬ್ಯಾಟರಿ ಕಳೆಯಬೇಡಿ. ಕೆಲವು ನಿಮಿಷ ಕಾಯಿರಿ, ಇಲ್ಲವೇ ದಿಣ್ಣೆ ಹತ್ತಿ. ಆಂಟೆನಾವನ್ನು ಪೂರ್ತಿ ಎಳೆದು, ಫೋನ್ ಕಿವಿಗಿಟ್ಟ ಮೇಲೂ ಅದರ ತುದಿ ಆಕಾಶದತ್ತಲೇ ಇರುವಂತೆ ತಿರುಗಿಸಿಕೊಳ್ಳಿ. ಮಾತಿನ ಭರದಲ್ಲಿ ಕೈ ವಾಲಿತೆಂದರೆ ಸಿಗ್ನಲ್ ಪಟ್ಟಿಗಳು ಕಣ್ಣೆದುರೇ ಇಳಿಯುತ್ತವೆ. ಕರೆ ಸಿಕ್ಕ ಕೂಡಲೇ ಎಲ್ಲಿದ್ದೀರಿ, ಏನು ಬೇಕು ಎಂಬುದನ್ನು ಮೊದಲು ಹೇಳಿಬಿಡಿ. ಕುಶಲ ವಿಚಾರಿಸುವುದು ಆಮೇಲೆ.

— ಮೇಲಿನವರ ಮಾತು ಸರಿ. ನಾನು ಮೊದಲು ಬಳಸುತ್ತಿದ್ದುದು ಭೂಸ್ಥಿರ ಉಪಗ್ರಹದ, ಅಂದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹದ ಫೋನ್. ಸುಮಾರು 36,000 ಕಿ.ಮೀ. ಹೋಗಿ ಬರಬೇಕಾದ್ದರಿಂದ ಪ್ರಶ್ನೆಗೂ ಉತ್ತರಕ್ಕೂ ನಡುವೆ ಅರ್ಧ ಸೆಕೆಂಡಿನಷ್ಟು ಅಂತರ ಬೀಳುತ್ತಿತ್ತು, ಇಬ್ಬರೂ ಒಟ್ಟಿಗೇ ಮಾತಾಡಿಬಿಡುತ್ತಿದ್ದೆವು. ಇರಿಡಿಯಂನಂಥ ಕೆಳಕಕ್ಷೆಯ ಉಪಗ್ರಹಗಳ ಫೋನಿನಲ್ಲಿ ಆ ತೊಡಕು ಬಹಳ ಕಡಿಮೆ. ಆದರೂ ಭೂಸ್ಥಿರ ಉಪಗ್ರಹದ ದಿಕ್ಕು ತೆರೆದಿರುವ ಜಾಗದಲ್ಲಿ ಅಂಥ ಫೋನ್ ಕೂಡ ಸ್ಥಿರವಾಗಿಯೇ ನಡೆಯುತ್ತದೆ, ತೆಗೆದುಹಾಕುವಂಥದ್ದಲ್ಲ.

— ಮೊಬೈಲಿನ ಸೌಲಭ್ಯದ ಬಗ್ಗೆ ಹೇಳುತ್ತೇನೆ. ಐಫೋನ್ 14ರಿಂದ ಈಚಿನವು ಗ್ಲೋಬಲ್‌ಸ್ಟಾರ್ ಉಪಗ್ರಹಗಳ ಮೂಲಕ ಸಂದೇಶ ಕಳಿಸುತ್ತವೆ. ಫೋನನ್ನು ಯಾವ ಕಡೆ ತಿರುಗಿಸಬೇಕೆಂದು ಪರದೆಯೇ ತೋರಿಸುತ್ತದೆ. ದಟ್ಟ ಮರಗಳ ಕೆಳಗೆ ಒಂದು ಸಂದೇಶಕ್ಕೂ ತಾಳ್ಮೆ ಬೇಕು. ಈ ಉಪಗ್ರಹಗಳು ಇರಿಡಿಯಂನಂತೆ ತಮ್ಮತಮ್ಮಲ್ಲೇ ಸಂದೇಶ ದಾಟಿಸುವುದಿಲ್ಲ. ನಿಮಗೆ ಕಾಣುವ ಉಪಗ್ರಹಕ್ಕೆ ಅದೇ ಹೊತ್ತಿಗೆ ಸಂದೇಶವನ್ನು ಇಳಿಸಿಕೊಳ್ಳುವ ನೆಲದ ಮೇಲಿನ ಕೇಂದ್ರವೂ ಕಾಣಬೇಕು. ಹಾಗಾಗಿ ಎಲ್ಲ ದೇಶಗಳಲ್ಲೂ ಈ ಸೇವೆ ಇಲ್ಲ. ತುರ್ತಿಗೆ ಒಳ್ಳೆಯದು, ವಾರಗಟ್ಟಲೆ ಕೆಲಸಕ್ಕೆ ಅದೊಂದನ್ನೇ ನಂಬಬೇಡಿ. ಇನ್ನೊಂದು ಮಾತು: ಕೆಲವು ದೇಶಗಳಲ್ಲಿ ಪರವಾನಗಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದೇ ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಬಾಡಿಗೆಗೆ ತೆಗೆದುಕೊಳ್ಳುವ ಮೊದಲೇ ಅದನ್ನು ವಿಚಾರಿಸಿಕೊಳ್ಳಿ.