ಜಿಂಬ್ರಾ ರಿಸ್ಟೋರ್ ಆಯ್ತು, ಮೇಲ್ ಎಲ್ಲಾ ಬಂತು, ಶೇರ್ಡ್ ಫೋಲ್ಡರ್ ಮಾತ್ರ ತೆರೆಯುತ್ತಿಲ್ಲ

ಲೆಕ್ಕದ ಟೇಬಲ್:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಆಫೀಸು, 42 ಮೇಲ್ ಖಾತೆ. ಲೆಕ್ಕ ಬರೆಯುವುದು ನನ್ನ ಕೆಲಸ. ಸರ್ವರ್ ನೋಡಿಕೊಳ್ಳುವುದು ತಲೆಗೆ ಕಟ್ಟಿದ ಕೆಲಸ. ಉಬುಂಟು 18.04 ಮೇಲೆ ಜಿಂಬ್ರಾ ಅನ್ನುವ ಮೇಲ್ ಸರ್ವರ್ ಸಾಫ್ಟ್‌ವೇರ್ 8.8.15, ಓಪನ್ ಸೋರ್ಸ್ ಆವೃತ್ತಿ.

ಶುಕ್ರವಾರ ಡಿಸ್ಕ್ ಕೈಕೊಟ್ಟಿತು. ದಿನಾ ರಾತ್ರಿ ಒಂದೊಂದು ಖಾತೆಯನ್ನೂ ಟಿಜಿಝಡ್ (ಒತ್ತಿ ಕಟ್ಟಿದ) ಫೈಲ್ ಮಾಡಿ ಬೇರೆ ಕಡೆ ಇಡುವ ಸ್ಕ್ರಿಪ್ಟ್ ಇತ್ತು, ಅದು ಉಳಿಸಿತು. ಹೊಸ ಮಷಿನ್‌ನಲ್ಲಿ ಜಿಂಬ್ರಾ ಹಾಕಿ, ಪಟ್ಟಿ ನೋಡಿಕೊಂಡು 42 ಖಾತೆಯನ್ನೂ ಹೊಸದಾಗಿ ತೆರೆದು, ಪೋಸ್ಟ್ ರೆಸ್ಟ್ ಯುಆರ್‌ಎಲ್ ಕಮಾಂಡ್‌ನಿಂದ ಒಂದೊಂದೇ ಒಳಗೆ ತುಂಬಿದೆ. ಭಾನುವಾರ ರಾತ್ರಿ ಎರಡು ಗಂಟೆಗೆ ಮುಗಿಯಿತು. ಮೇಲ್ ಎಲ್ಲಾ ಇತ್ತು. ಖುಷಿಯಾಗಿ ಮಲಗಿದೆ.

ಸೋಮವಾರ ಬೆಳಿಗ್ಗೆ ಶುರುವಾಯ್ತು ನೋಡಿ. ಖರೀದಿ ವಿಭಾಗದವರ ಖಾತೆಯಲ್ಲಿ "ಬಿಲ್ಲುಗಳು", "ಟೆಂಡರ್" ಅಂತ ಎರಡು ಫೋಲ್ಡರ್ ಇವೆ, ಒಂಬತ್ತು ಜನರಿಗೆ ಶೇರ್ ಆಗಿದ್ದವು. ಈಗ ಆ ಒಂಬತ್ತು ಜನರಿಗೂ ಎಡಗಡೆ ಫೋಲ್ಡರ್ ಹೆಸರು ಕಾಣುತ್ತದೆ, ಕ್ಲಿಕ್ ಮಾಡಿದರೆ ಎರರ್. ಮ್ಯಾನೇಜರ್ ಕ್ಯಾಲೆಂಡರ್ ಕೂಡ ಅದೇ ಕಥೆ. ಖರೀದಿಯವರೇ ಲಾಗಿನ್ ಆದರೆ ಎಲ್ಲಾ ಮೇಲ್ ಸರಿಯಾಗಿಯೇ ಇದೆ. ಏನು ಮಾಡಲಿ?

ರಾತ್ರಿ ಕಾವಲು:

ಇಂಪೋರ್ಟ್ ಅರ್ಧಂಬರ್ಧ ಆಗಿರಬೇಕು. ರಿಸಾಲ್ವ್ ರೀಸೆಟ್ ಅಂತ ಕೊಟ್ಟು ಇನ್ನೊಂದು ಸಲ ಓಡಿಸಿ ಸರ್.

ಹಳೇ ಅಡ್ಮಿನ್:

ದಯವಿಟ್ಟು ಹಾಗೆ ಮಾಡಬೇಡಿ! ರೀಸೆಟ್ ಅಂದರೆ ಈಗ ಇರುವುದನ್ನು ಅಳಿಸಿ ಆಮೇಲೆ ತುಂಬುವುದು. ಸೋಮವಾರದಿಂದ ಬಂದ ಮೇಲ್ ಅಷ್ಟೂ ಹೋಗುತ್ತದೆ. ಮತ್ತೆ ಓಡಿಸಲೇಬೇಕಾಗಿ ಬಂದರೂ ಅಲ್ಲಿ ಸ್ಕಿಪ್ ಅಂತ ಕೊಡಬೇಕು, ಅದು ಇರುವುದನ್ನು ಮುಟ್ಟುವುದಿಲ್ಲ. ಆದರೆ ನಿಮ್ಮ ತೊಂದರೆ ಇಂಪೋರ್ಟ್‌ನದ್ದಲ್ಲ ಅನ್ನಿಸುತ್ತದೆ ಸರ್.

ಎರಡು ವಿಷಯ ನೋಡಿ ಹೇಳಿ. ಒಂದು, ಆ ಒಂಬತ್ತು ಜನರಲ್ಲಿ ಯಾರಾದರೂ ಒಬ್ಬರ ಮೇಲ್‌ಬಾಕ್ಸ್‌ನಲ್ಲಿ "ಬಿಲ್ಲುಗಳು" ಲಿಂಕ್ ಮೇಲೆ ಗೆಟ್ ಫೋಲ್ಡರ್ ಕಮಾಂಡ್ ಅನ್ನು ವರ್ಬೋಸ್ ಆಗಿ (ಪೂರ್ತಿ ವಿವರ ಬರುವಂತೆ) ಓಡಿಸಿ. ಓನರ್ ಐಡಿ, ರಿಮೋಟ್ ಐಡಿ ಅಂತ ಎರಡು ಸಾಲು ಬರುತ್ತವೆ. ಎರಡು, ಖರೀದಿ ಖಾತೆಯ ಈಗಿನ ಜಿಂಬ್ರಾ ಐಡಿ ಏನು ಅಂತ ಖಾತೆ ನಿರ್ವಹಣೆಯ ಕಮಾಂಡ್ ಝಡ್‌ಎಂಪ್ರೊವ್‌ನಲ್ಲಿ ನೋಡಿ. ಎರಡೂ ಐಡಿ ಒಂದೇನಾ?

ಲೆಕ್ಕದ ಟೇಬಲ್:

ಸರ್ ಅಲ್ಲ, ಮೇಡಂ :)

ನೋಡಿದೆ. ಒಂದೇ ಅಲ್ಲ. ಎರಡೂ 36 ಅಕ್ಷರದ ಉದ್ದನೆಯ ಐಡಿ, ಮೊದಲ ಅಕ್ಷರದಿಂದಲೇ ಬೇರೆ. ರಿಮೋಟ್ ಐಡಿ 311 ಅಂತಿದೆ. ಖರೀದಿಯವರ ಖಾತೆಯಲ್ಲಿ "ಬಿಲ್ಲುಗಳು" ಫೋಲ್ಡರ್‌ನ ನಂಬರ್ ಈಗ 268.

ಹಳೇ ಅಡ್ಮಿನ್:

ಕ್ಷಮಿಸಿ ಮೇಡಂ. ಹಾಗಾದರೆ ರೋಗ ಗೊತ್ತಾಯ್ತು.

ಜಿಂಬ್ರಾಗೆ ನಿಮ್ಮ ಮೇಲ್ ವಿಳಾಸ ಮುಖ್ಯ ಅಲ್ಲ. ಖಾತೆ ತೆರೆದ ಕ್ಷಣ ಅದಕ್ಕೊಂದು ಐಡಿ ಹುಟ್ಟುತ್ತದೆ, ಒಳಗಿನ ವ್ಯವಹಾರವೆಲ್ಲ ಅದರಲ್ಲೇ. ಒಂದು ಶೇರ್ ಅಂದರೆ ಎರಡು ಕಡೆ ಬರೆದಿಟ್ಟ ದಾಖಲೆ. ಮಾಲೀಕರ ಫೋಲ್ಡರ್ ಮೇಲೆ "ಇಂಥ ಐಡಿಯವರಿಗೆ ಇಷ್ಟು ಅನುಮತಿ" ಅಂತ ಒಂದು. ಪಡೆದವರ ಕಡೆ "ಇಂಥ ಐಡಿಯವರ ಇಂಥ ನಂಬರಿನ ಫೋಲ್ಡರ್" ಅಂತ ಒಂದು ಲಿಂಕ್, ಇದಕ್ಕೆ ಮೌಂಟ್‌ಪಾಯಿಂಟ್ ಅನ್ನುತ್ತಾರೆ. ಟಿಜಿಝಡ್ ಎರಡನ್ನೂ ಹೊತ್ತು ತಂದಿದೆ, ಆದರೆ ಹಳೇ ಐಡಿಗಳ ಸಮೇತ. ನೀವು ಖಾತೆ ಹೊಸದಾಗಿ ತೆರೆದಾಗ ಐಡಿ ಹೊಸದಾಯ್ತು. ಜಮೀನು ಅಲ್ಲೇ ಇದೆ, ಸರ್ವೆ ನಂಬರ್ ಬದಲಾಗಿದೆ, ಪಹಣಿಯಲ್ಲಿ ಮಾತ್ರ ಇನ್ನೂ ಹಳೇ ನಂಬರ್. ಅಷ್ಟೇ.

ಫೋಲ್ಡರ್ ನಂಬರ್ ಕಥೆಯೂ ಇದೇ. ಇನ್‌ಬಾಕ್ಸ್ ಯಾವಾಗಲೂ 2, ಸೆಂಟ್ 5, ಕ್ಯಾಲೆಂಡರ್ 10. ಇವು ಎಲ್ಲಾ ಸರ್ವರ್‌ನಲ್ಲೂ ಒಂದೇ. ನಾವು ಮಾಡಿಕೊಂಡ ಫೋಲ್ಡರ್‌ಗಳಿಗೆ ಆಯಾ ಹೊತ್ತಿಗೆ ಸಿಕ್ಕ ನಂಬರ್, ಇಂಪೋರ್ಟ್ ಮಾಡಿದಾಗ ಬೇರೆಯೇ ಸಿಗುತ್ತದೆ. ನಿಮ್ಮ 311 ಈಗ 268 ಆಗಿರುವುದು ಹಾಗೆ.

ಖಾತೆ ತೆರೆಯುವಾಗಲೇ ಹಳೇ ಜಿಂಬ್ರಾ ಐಡಿ ಕೊಟ್ಟು ತೆರೆದಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ಈಗ ಬದಲಾಯಿಸಲು ಆಗದು, ಆ ಐಡಿಯನ್ನು ಆಮೇಲೆ ತಿದ್ದಲು ಬಿಡುವುದಿಲ್ಲ. ಎಲ್‌ಡ್ಯಾಪ್ (ಖಾತೆಗಳ ಪಟ್ಟಿ, ಐಡಿ ಇರುವ ಡೈರೆಕ್ಟರಿ) ಬ್ಯಾಕಪ್ ಏನಾದರೂ ಇದೆಯಾ? ಅದರಲ್ಲಿ ಹಳೇ ಐಡಿ ಯಾರದ್ದು ಅಂತ ಸಿಗುತ್ತದೆ.

ಲೆಕ್ಕದ ಟೇಬಲ್:

ಇಲ್ಲ ಸರ್. ಸ್ಕ್ರಿಪ್ಟ್ ಬರೀ ಮೇಲ್‌ಬಾಕ್ಸ್ ತೆಗೆಯುತ್ತಿತ್ತು. ಹಳೇ ಡಿಸ್ಕ್ ಈಗ ಕಟ್ ಕಟ್ ಅಂತ ಸದ್ದು ಮಾಡುತ್ತದೆ, ಅಷ್ಟೇ. ಯಾರು ಯಾರಿಗೆ ಏನು ಶೇರ್ ಮಾಡಿದ್ದರು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವರಿಗೆ ನೋಡುವ ಅನುಮತಿ ಮಾತ್ರ ಇತ್ತು. ಈಗ ಕೇಳಿದರೆ ಎಲ್ಲರೂ "ನನಗೆ ಪೂರ್ತಿ ಇತ್ತು" ಅನ್ನುವವರೇ.

ಕಡಲ ತಡಿ:

ಮೇಡಂ, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಇದೇ ಆಗಿತ್ತು. ನಿಮ್ಮ ಪಟ್ಟಿ ಮೇಲ್ ಒಳಗೇ ಇದೆ.

ಯಾರಾದರೂ ಫೋಲ್ಡರ್ ಶೇರ್ ಮಾಡಿದಾಗ ಜಿಂಬ್ರಾ ಒಂದು ಸೂಚನೆ ಮೇಲ್ ಕಳಿಸುತ್ತದಲ್ವಾ, "ಶೇರ್ ಕ್ರಿಯೇಟೆಡ್" ಅಂತ ಸಬ್ಜೆಕ್ಟ್ ಇರುವುದು? ಅದನ್ನು ತೆರೆದು ಶೋ ಒರಿಜಿನಲ್ ಕೊಡಿ. ಕೆಳಗಡೆ ಎಕ್ಸ್‌ಎಂಎಲ್‌ನ ಒಂದು ಚಿಕ್ಕ ತುಂಡು ಇರುತ್ತದೆ. ಅದರಲ್ಲಿ ಗ್ರಾಂಟರ್ ಅಂತ ಒಂದು ಸಾಲು: ಕೊಟ್ಟವರ ಐಡಿ, ಮೇಲ್ ವಿಳಾಸ, ಹೆಸರು. ಆಮೇಲೆ ಗ್ರಾಂಟೀ ಸಾಲು: ಪಡೆದವರದ್ದು ಅದೇ ಮೂರು. ಕೊನೆಗೆ ಲಿಂಕ್ ಸಾಲಿನಲ್ಲಿ ಫೋಲ್ಡರ್ ನಂಬರ್, ಫೋಲ್ಡರ್ ಹೆಸರು, ಪರ್ಮ್ ಅಂತ ಅನುಮತಿಯ ಅಕ್ಷರಗಳು. ಬರೀ ಆರ್ ಅಂದರೆ ಓದಲು ಮಾತ್ರ. ಆರ್, ಡಬ್ಲ್ಯೂ, ಐ, ಡಿ, ಎಕ್ಸ್ ಐದೂ ಇದ್ದರೆ ಮ್ಯಾನೇಜರ್ ಮಟ್ಟ. ಜೊತೆಗೆ ಎ ಕೂಡ ಇದ್ದರೆ ಅವರೇ ಮುಂದೆ ಬೇರೆಯವರಿಗೂ ಶೇರ್ ಮಾಡಬಹುದು.

ಪಡೆದವರ ಇನ್‌ಬಾಕ್ಸ್‌ನಲ್ಲಿ ಹುಡುಕಬೇಡಿ, ಒಪ್ಪಿಕೊಂಡ ಮೇಲೆ ಯಾರೂ ಆ ಮೇಲ್ ಇಟ್ಟುಕೊಂಡಿರುವುದಿಲ್ಲ. ಕೊಟ್ಟವರ ಸೆಂಟ್ ಫೋಲ್ಡರ್‌ನಲ್ಲಿ ಹುಡುಕಿ. ಸೆಂಟ್ ಫೋಲ್ಡರ್ ಚೊಕ್ಕ ಮಾಡುವ ಮನುಷ್ಯನನ್ನು ನಾನಂತೂ ಇನ್ನೂ ಕಂಡಿಲ್ಲ.

ಲೆಕ್ಕದ ಟೇಬಲ್:

ಅಯ್ಯೋ ದೇವರೇ, ಇದೆ! ಖರೀದಿಯವರ ಸೆಂಟ್‌ನಲ್ಲಿ 14 ಸಿಕ್ಕವು. ಗ್ರಾಂಟರ್ ಐಡಿ ಆ ಲಿಂಕ್‌ನಲ್ಲಿದ್ದ ಹಳೇ ಐಡಿಯೇ, 311 ಕೂಡ ಹಾಗೇ ಇದೆ. "ಪೂರ್ತಿ ಇತ್ತು" ಅಂದವರಲ್ಲಿ ನಾಲ್ಕು ಜನರಿಗೆ ಬರೀ ಆರ್.

ಹಳೇ ಅಡ್ಮಿನ್:

ಭಲೇ ಕಡಲ ತಡಿ, ಇದು ನನಗೂ ಹೊಳೆದಿರಲಿಲ್ಲ.

ಇನ್ನು ಕೆಲಸ ಸಲೀಸು. ಸಿಕ್ಕಿದ್ದನ್ನೆಲ್ಲ ಒಂದು ಶೀಟ್‌ನಲ್ಲಿ ಹಾಕಿಕೊಳ್ಳಿ: ಕೊಟ್ಟವರು, ಫೋಲ್ಡರ್, ಪಡೆದವರು, ಅನುಮತಿ. ಮೊದಲು ಮಾಲೀಕರ ಮೇಲ್‌ಬಾಕ್ಸ್‌ನಲ್ಲಿ ಮಾಡಿಫೈ ಫೋಲ್ಡರ್ ಗ್ರಾಂಟ್ ಓಡಿಸಿ, ಅಕೌಂಟ್ ಅಂತ ಹಾಕಿ ಪಡೆದವರ ಮೇಲ್ ವಿಳಾಸ, ಅನುಮತಿ ಅಕ್ಷರ ಕೊಡಿ. ಗುಂಪಿಗೆ ಕೊಟ್ಟಿದ್ದರೆ ಅಕೌಂಟ್ ಬದಲು ಗ್ರೂಪ್. ಒಳಗಿನ ಫೋಲ್ಡರ್‌ಗಳಿಗೆ ಬೇರೆ ಮಾಡಬೇಕಿಲ್ಲ, ಮೇಲಿನದ್ದು ತಾನಾಗಿ ಇಳಿಯುತ್ತದೆ. ಆಮೇಲೆ ಪಡೆದವರ ಮೇಲ್‌ಬಾಕ್ಸ್‌ನಲ್ಲಿ ಸತ್ತ ಲಿಂಕ್ ತೆಗೆದು ಕ್ರಿಯೇಟ್ ಮೌಂಟ್‌ಪಾಯಿಂಟ್. ಮಾಲೀಕರ ವಿಳಾಸ ಕೊಟ್ಟು, ಫೋಲ್ಡರ್ ನಂಬರ್ ಬದಲು ಫೋಲ್ಡರ್‌ನ ಪಾತ್ ಕೊಡಿ, ನಂಬರ್ ಗೊಂದಲವೇ ಬೇಡ. ಹಳೇ ಲಿಂಕ್ ತೆಗೆಯದೆ ಮಾಡಿದರೆ ಆ ಹೆಸರಿನದ್ದು ಆಗಲೇ ಇದೆ ಅಂತ ಎರರ್ ಕೊಡುತ್ತದೆ.

ಒಂದು ಕಡೆ ಮಾತ್ರ ಉಸಿರು ಬಿಗಿಹಿಡಿದು ಕೆಲಸ ಮಾಡಿ. ಲಿಂಕ್ ತೆಗೆಯಲು ಬಳಸುವುದು ಡಿಲೀಟ್ ಫೋಲ್ಡರ್ ಕಮಾಂಡ್. ಪಡೆದವರ ಮೇಲ್‌ಬಾಕ್ಸ್‌ನಲ್ಲಿ ಓಡಿಸಿದರೆ ಲಿಂಕ್ ಮಾತ್ರ ಹೋಗುತ್ತದೆ. ಅದೇ ಸಾಲನ್ನು ಕಣ್ತಪ್ಪಿ ಮಾಲೀಕರ ಹೆಸರಲ್ಲಿ ಓಡಿಸಿದರೆ ನಿಜವಾದ "ಬಿಲ್ಲುಗಳು" ಫೋಲ್ಡರೇ ಹೋಗುತ್ತದೆ! ಶುರು ಮಾಡುವ ಮುಂಚೆ ಮಾಲೀಕರ ಖಾತೆಗಳದ್ದು ಇವತ್ತಿನ ಟಿಜಿಝಡ್ ಒಂದೊಂದು ತೆಗೆದಿಡಿ. ಆಮೇಲೆ ಒಬ್ಬರಿಗೆ ಮಾಡಿ, ಅವರು ನೋಡಿ ಸರಿ ಅಂದ ಮೇಲೆ ಉಳಿದವರಿಗೆ.

ಇನ್ನೊಂದು ಮಾತು. 8.8.15ರ ಬೆಂಬಲ 2023ರ ಡಿಸೆಂಬರ್‌ಗೆ ಮುಗಿದಿದೆ. ಹೇಗೂ ಹೊಸ ಮಷಿನ್, ಅದೇ ಹಳೇದನ್ನು ಯಾಕೆ ಹಾಕಿದಿರಿ? ಬೈಯುತ್ತಿಲ್ಲ, ಸುಮ್ನೆ ಕೇಳಿದೆ.

ಲೆಕ್ಕದ ಟೇಬಲ್:

ಭಾನುವಾರ ಕೈಗೆ ಸಿಕ್ಕ ಇನ್‌ಸ್ಟಾಲರ್ ಅದೊಂದೇ ಸರ್. ಅದರ ವಿಚಾರ ಇನ್ನೊಂದು ದಿನ ಕೇಳುತ್ತೇನೆ.

ಎಲ್ಲಾ ಆಯ್ತು. ಒಟ್ಟು 31 ಲಿಂಕ್. ಸೆಂಟ್ ಮೇಲ್‌ಗಳಿಂದ 27 ಸಿಕ್ಕವು. ಮೂರಕ್ಕೆ ಸೂಚನೆ ಮೇಲ್ ಇರಲಿಲ್ಲ, ಕೊಟ್ಟವರನ್ನೇ ಕೇಳಿ ಹಾಕಿದೆ. ಒಂದು, ಕೆಲಸ ಬಿಟ್ಟು ಹೋದವರ ಖಾತೆಯದ್ದು. ಆ ಖಾತೆ ನಮ್ಮ ಪಟ್ಟಿಯಲ್ಲೇ ಇಲ್ಲ, ಲಿಂಕ್ ತೆಗೆದುಹಾಕಿದೆ. ಥಂಡರ್‌ಬರ್ಡ್ ಮೇಲ್ ಪ್ರೋಗ್ರಾಂ ಬಳಸುವ ಇಬ್ಬರಿಗೆ ಮಾತ್ರ ಕಾಣುತ್ತಿರಲಿಲ್ಲ, ಸಬ್‌ಸ್ಕ್ರೈಬ್‌ನಲ್ಲಿ ಮತ್ತೆ ಟಿಕ್ ಹಾಕಿದ ಮೇಲೆ ಬಂತು.

ಡಿಲೀಟ್ ಸಾಲು ಓಡಿಸುವಾಗ ಪ್ರತಿ ಸಲ ಖಾತೆ ಹೆಸರನ್ನು ಬಾಯಿಬಿಟ್ಟು ಓದಿಯೇ ಎಂಟರ್ ಒತ್ತಿದೆ. ಪಕ್ಕದ ಟೇಬಲ್‌ನವರು ಮಂತ್ರ ಹೇಳುತ್ತಿದ್ದೀರಾ ಅಂತ ಕೇಳಿದರು.

ರಾತ್ರಿಯ ಸ್ಕ್ರಿಪ್ಟ್‌ಗೆ ಝಡ್‌ಎಂಸ್ಲ್ಯಾಪ್‌ಕ್ಯಾಟ್ ಸೇರಿಸಿದ್ದೇನೆ, ಇನ್ನು ಎಲ್‌ಡ್ಯಾಪ್ ಕೂಡ ಉಳಿಯುತ್ತದೆ. ಈಗ ಇರುವ ದೂರು ಒಂದೇ. ಮ್ಯಾನೇಜರ್ ಕ್ಯಾಲೆಂಡರ್ ಎಲ್ಲರಿಗೂ ಕೆಂಪು ಬಣ್ಣದಲ್ಲಿ ಇತ್ತಂತೆ, ಆ ಬಣ್ಣ ಹೋಗಿದೆಯಂತೆ.

ಕಡಲ ತಡಿ:

ಮಾಡಿಫೈ ಫೋಲ್ಡರ್ ಕಲರ್ ಅಂತ ಒಂದು ಕಮಾಂಡ್ ಇದೆ ಮೇಡಂ. ಮ್ಯಾನೇಜರ್ ಖಾತೆಯಲ್ಲಿ ಅಲ್ಲ, ನೋಡುವವರ ಲಿಂಕ್ ಮೇಲೆ ಒಬ್ಬೊಬ್ಬರಿಗೂ ಓಡಿಸಿ.