ಟೋಕನ್ ಯಾರ ಡ್ರಾಯರ್‌ನಲ್ಲಿದೆ?

ಗುಂಪು: ಬಿಕಾಂ 97, ದಾವಣಗೆರೆ

ರಫೀಕ್ (ಫಾರ್ವರ್ಡ್ ಮಾಡಿದ್ದು): ಇನ್ನು ಪ್ರಿಂಟ್, ಸ್ಕ್ಯಾನ್ ಬೇಡ! ಬಿಳಿ ಹಾಳೆಯಲ್ಲಿ ಸಹಿ ಮಾಡಿ, ಫೋಟೋ ತೆಗೆದು ಪಿಡಿಎಫ್ ಮೇಲೆ ಅಂಟಿಸಿ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ 2000ರ ಪ್ರಕಾರ ಇದೇ ಡಿಜಿಟಲ್ ಸಹಿ. ಎಲ್ಲರಿಗೂ ತಿಳಿಸಿ 🙏

ಮಂಜುನಾಥ: ಸೂಪರ್. ಕೊಟೇಶನ್‌ಗೆಲ್ಲ ನಾನು ಇದನ್ನೇ ಮಾಡುವುದು.

ಶೈಲಜಾ: ಅಯ್ಯೋ, ಯಾರು ಬರೆದರೋ ಇದನ್ನ. ಇದು ಸಹಿಯ ಫೋಟೋ ಅಷ್ಟೇ. ನಿನ್ನ ಕೊಟೇಶನ್ ಯಾರ ಹತ್ತಿರ ಇದೆಯೋ ಅವರೆಲ್ಲರ ಹತ್ತಿರ ನಿನ್ನ ಸಹಿಯೂ ಇದೆ. ಕತ್ತರಿಸಿ ಬೇರೆ ಕಾಗದಕ್ಕೆ ಅಂಟಿಸಲು ಎಷ್ಟು ಹೊತ್ತು ಬೇಕು?

ರಫೀಕ್: ಹಾಗಾದರೆ ಕಾನೂನಿನಲ್ಲಿ ಬೆಲೆಯೇ ಇಲ್ವಾ?

ಸುರೇಶ: ಹಾಗೂ ಹೇಳಲಾಗದು. ಇಮೇಲ್‌ನಲ್ಲಿ ಒಪ್ಪಿದರೂ ಕರಾರು ಕರಾರೇ, ಕಾಯ್ದೆಯ 10ಎ ಕಲಂ ಇದೆ. ತಕರಾರು ಎದ್ದಾಗ ಗೊತ್ತಾಗುತ್ತೆ ವ್ಯತ್ಯಾಸ. ಎದುರಿನವನು ‘ನಾನು ಹಾಕಿಲ್ಲ’ ಅಂದರೆ ಮೇಲ್, ಫೋನ್, ಸಾಕ್ಷಿ ಎಲ್ಲ ನೀನೇ ಹುಡುಕಿಕೊಂಡು ಓಡಾಡಬೇಕು.

ಶೈಲಜಾ: ನಿಜವಾದ ಡಿಜಿಟಲ್ ಸಹಿ ಇಡೀ ಫೈಲಿಗೆ ಬೀಳುತ್ತದೆ. ಫೈಲಿನಿಂದ ಹ್ಯಾಶ್ ಅಂತ ಒಂದು ಲೆಕ್ಕ ತೆಗೆದು, ಅದನ್ನು ನಿನ್ನ ಖಾಸಗಿ ಕೀಯಿಂದ, ಅಂದರೆ ನಿನ್ನೊಬ್ಬನದೇ ಆದ ಗುಟ್ಟಿನ ಸಂಖ್ಯೆಯಿಂದ, ಬೀಗ ಹಾಕುತ್ತಾರೆ. ಆಮೇಲೆ ಯಾರಾದರೂ ಮೊತ್ತಕ್ಕೆ ಒಂದು ಸೊನ್ನೆ ಸೇರಿಸಿದರೂ ಸಿಕ್ಕಿಬೀಳುತ್ತದೆ.

ವೀಣಾ: ಇಲ್ಲಿ ಡಲ್ಲಾಸ್‌ನಲ್ಲಿ ಡಾಕ್ಯುಸೈನ್‌ನಲ್ಲಿ ಒಂದು ಕ್ಲಿಕ್, ಬಾಡಿಗೆ ಕರಾರು ಮುಗೀತು. ಮೈಸೂರಿನ ಸೈಟಿನ ಪವರ್ ಆಫ್ ಅಟಾರ್ನಿಯನ್ನೂ ಅಣ್ಣನಿಗೆ ಹಾಗೇ ಕಳಿಸಬಹುದಾ?

ಸುರೇಶ: ಬೇಡ ವೀಣಾ. ಅದು ಐಟಿ ಕಾಯ್ದೆಯ ಹೊರಗಿಟ್ಟ ಪಟ್ಟಿಯಲ್ಲಿದೆ. 2022ರ ಅಕ್ಟೋಬರ್‌ನಿಂದ ಸಡಿಲಿಸಿದ್ದು ಬ್ಯಾಂಕಿನಂಥ ಸಂಸ್ಥೆಗಳ ಹೆಸರಿಗೆ ಕೊಡುವುದಕ್ಕೆ ಮಾತ್ರ. ಅಣ್ಣನಿಗಾದರೆ ಪೆನ್ನೇ ಹಿಡಿಯಬೇಕು. ವಿಲ್‌ಗೂ ಅಷ್ಟೇ. ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ಅಣ್ಣನಿಗೆ ಈಗಲೇ ಹೇಳಿಡು.

ಮಂಜುನಾಥ: ನನಗೆ ಈ ತಲೆನೋವೇ ಇಲ್ಲ. ಕಂಪನಿ ಫೈಲಿಂಗ್‌ಗೆ ಟೋಕನ್ (ಆ ಕೀ ಇರುವ, ಪೆನ್‌ಡ್ರೈವ್‌ನಂಥದ್ದು) ಮಾಡಿಸಿ ಆಡಿಟರ್ ಹತ್ತಿರವೇ ಇಟ್ಟುಬಿಟ್ಟಿದ್ದೇನೆ. ಪಿನ್ ಕವರ್ ಮೇಲೆ ಬರೆದಿದೆ.

ಶೈಲಜಾ: ರಫೀಕನ ಫೋಟೋನೇ ವಾಸಿ ಕಣೋ!

ಮಂಜುನಾಥ: ಯಾಕೆ, ಅವರೇನು ಕಳ್ಳರಾ? ನೀವು ಸಿಎಗಳೆಲ್ಲ ಇಟ್ಟುಕೊಳ್ಳುವುದಿಲ್ವಾ? ಒಂದೊಂದು ಆಫೀಸಿನಲ್ಲಿ ಡಬ್ಬಿ ತುಂಬ ಟೋಕನ್ ನೋಡಿದ್ದೇನೆ.

ಶೈಲಜಾ: ನಾನು ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಬಿಟ್ಟುಹೋದ ಕ್ಲೈಂಟ್‌ಗಳೂ ಇದ್ದಾರೆ. ಕಳ್ಳರ ಮಾತಲ್ಲ ಇದು. ಆರ್ಟಿಕಲ್ ಹುಡುಗರು (ಸಿಎ ತರಬೇತಿಯವರು) ಬರುತ್ತಾರೆ, ಹೋಗುತ್ತಾರೆ. ಬ್ಯಾಲೆನ್ಸ್ ಶೀಟ್‌ಗೆ ಹಾಕುವ ಸಹಿಯನ್ನೇ ಹೊಸ ಡೈರೆಕ್ಟರ್ ಸೇರಿದರು ಅಂತ ಹೇಳುವ ಡಿಐಆರ್-12ಕ್ಕೂ ಹಾಕುವುದು. ಡಬ್ಬಿಯಿಂದ ಯಾರು ತೆಗೆದರು ಅಂತ ಫಾರಂ ಹಾಕುವ ಸರ್ಕಾರಿ ಪೋರ್ಟಲ್‌ಗೆ ಗೊತ್ತಾಗಲ್ಲ. ಅದಕ್ಕೆ ಕಾಣುವುದು ನಿನ್ನ ಹೆಸರು. ಫೋಟೋ ಸಹಿ ಆದರೆ ನನ್ನದಲ್ಲ ಅನ್ನಬಹುದು. ಟೋಕನ್ ಇರುವುದೇ ಹಾಗೆ ಅನ್ನಬಾರದು ಅಂತ.

ಮಂಜುನಾಥ: ದುರುಪಯೋಗ ಮಾಡಿದರೆ ಕೇಸ್ ಹಾಕುತ್ತೇನೆ.

ಸುರೇಶ: ಹಾಕು. ಐಟಿ ಕಾಯ್ದೆಯ 66ಸಿ ಕಲಂ ಇದೆ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆದರೆ ಪಿನ್ ಬರೆದುಕೊಟ್ಟವರು ಯಾರು ಅಂತ ಎದುರು ವಕೀಲರು ಮೊದಲು ಕೇಳುತ್ತಾರೆ. 42ನೇ ಕಲಂನ್ನೂ ಒಮ್ಮೆ ಓದು. ಕೀ ಜೋಪಾನ ಮಾಡುವುದು ಹೆಸರಿರುವವನ ಕೆಲಸ. ಕೈತಪ್ಪಿದರೆ, ಈ ಕೀ ನಿನ್ನದೇ ಅಂತ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕು. ತಿಳಿಸುವವರೆಗೆ ಹೊಣೆ ನಿನ್ನದೇ.

ಮಂಜುನಾಥ: ನಿಮಗೇನಪ್ಪ. ಅಕ್ಟೋಬರ್ ಕೊನೆಗೆ ರಾತ್ರಿ ಹತ್ತಕ್ಕೆ ಎಒಸಿ-4 (ಕಂಪನಿಯ ವಾರ್ಷಿಕ ಲೆಕ್ಕಪತ್ರದ ಫಾರಂ) ಹಾಕುತ್ತಾರೆ. ಆಗ ನಾನು ಪುಣೆಯಲ್ಲಿ ಇದ್ದರೆ? ತಡವಾದರೆ ದಿನಕ್ಕೆ 100 ರೂಪಾಯಿ ನೀವು ಕೊಡ್ತೀರಾ?

ಶೈಲಜಾ: ರಾತ್ರಿ ಹತ್ತರವರೆಗೆ ಯಾಕೆ ಬಿಡಬೇಕು? ಅವರು ಫಾರಂ ತುಂಬಿ ಪಿಡಿಎಫ್ ಮೇಲ್ ಮಾಡಲಿ. ನೀನು ಪುಣೆಯಲ್ಲೇ ಲ್ಯಾಪ್‌ಟಾಪ್‌ಗೆ ಟೋಕನ್ ಸಿಕ್ಕಿಸಿ, ಸಹಿ ಹಾಕಿ, ವಾಪಸ್ ಕಳಿಸು. ಓದಿ ಆಮೇಲೆ ಹಾಕು. ಟೋಕನ್ ನಿನ್ನ ಹತ್ತಿರ ಇದ್ದರೆ ಆಗುವ ದೊಡ್ಡ ಲಾಭವೇ ಅದು, ಏನು ಹೋಗುತ್ತಿದೆ ಅಂತ ನಿನಗೆ ಗೊತ್ತಾಗುತ್ತದೆ.

ರಫೀಕ್: ಟೋಕನ್ ಇಲ್ಲದ ಬಡಪಾಯಿ ಏನು ಮಾಡಲಿ? ಅಂಗಡಿ ಬಾಡಿಗೆ ಕರಾರು ಇದೆ.

ಶೈಲಜಾ: ಆಧಾರ್ ಇ-ಸೈನ್ ಮಾಡು. ಒಟಿಪಿ ಕೊಟ್ಟಾಗ ಅಲ್ಲೇ ಒಂದು ಕೀ ತಯಾರಾಗಿ, ಸಹಿ ಹಾಕಿ, ಅಳಿದುಹೋಗುತ್ತದೆ. ಪ್ರಮಾಣಪತ್ರದ ಆಯಸ್ಸು ಅರ್ಧ ಗಂಟೆ. ಡ್ರಾಯರ್‌ನಲ್ಲಿ ಇಡಲು ಏನೂ ಉಳಿಯಲ್ಲ. ಒಟಿಪಿ ಬ್ರೋಕರ್‌ಗೆ ಓದಿ ಹೇಳಬೇಡ, ಅಷ್ಟೇ.

ಸುರೇಶ: ಸ್ಟಾಂಪ್ ಪೇಪರ್ ಖರ್ಚು ಮಾತ್ರ ತಪ್ಪಲ್ಲ.

ರಫೀಕ್: ಇನ್ನೊಂದು. ಪಿಡಿಎಫ್‌ನಲ್ಲಿ ಸಹಿಯ ಮೇಲೆ ಹಳದಿ ಪ್ರಶ್ನೆ ಚಿಹ್ನೆ ಬಂದರೆ ಖೋಟಾನಾ?

ಶೈಲಜಾ: ಖೋಟಾ ಅಂತಲ್ಲ. ಅಡೋಬಿ ರೀಡರ್‌ಗೆ ಭಾರತದ ಸಿಸಿಎ (ಇಂಥ ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಸರ್ಕಾರಿ ನಿಯಂತ್ರಕ) ಮೂಲ ಪ್ರಮಾಣಪತ್ರ ಮೊದಲೇ ಗೊತ್ತಿರಲ್ಲ. ಸಹಿಯ ಮೇಲೆ ಒತ್ತಿ, ಯಾರ ಹೆಸರಿಗೆ ಯಾವ ಸಂಸ್ಥೆ ಕೊಟ್ಟಿದೆ ಅಂತ ನೋಡಿ, ಒಮ್ಮೆ ನಂಬಿಕೆಯ ಪಟ್ಟಿಗೆ ಸೇರಿಸಬೇಕು. ಹಸಿರು ಟಿಕ್ ಕಂಡ ಕೂಡಲೇ ಸರಿ ಅಂದುಕೊಳ್ಳಬೇಡ, ಟಿಕ್‌ನ ಚಿತ್ರವನ್ನೇ ಅಂಟಿಸಬಹುದು. ಒತ್ತಿದಾಗ ವಿವರ ತೆರೆಯಬೇಕು. ಪ್ರಿಂಟ್ ತೆಗೆದ ಮೇಲಂತೂ ಪರೀಕ್ಷಿಸಲು ಏನೂ ಇರಲ್ಲ. ಆದರೂ ಎಷ್ಟೋ ಕಡೆ ‘ಡಿಜಿಟಲ್ ಸಹಿ ಇರುವ ಜೆರಾಕ್ಸ್ ತನ್ನಿ’ ಅಂತಾರೆ. ಏನು ಹೇಳುವುದು!

ಮಂಜುನಾಥ: ಸರಿ ಬಿಡಮ್ಮ, ಸೋಮವಾರ ಫ್ಯಾಕ್ಟರಿ ಹುಡುಗನನ್ನು ಕಳಿಸಿ ಟೋಕನ್ ತರಿಸುತ್ತೇನೆ.

ಶೈಲಜಾ: ಪಿನ್ ಬರೆದ ಕವರ್ ಸಮೇತ, ಹುಡುಗನ ಕೈಲಿ? ನೀನೇ ಹೋಗು. ಅಲ್ಲೇ ಕೂತು ಪಿನ್ ಬದಲಿಸು.

ಮಂಜುನಾಥ: ಆಡಿಟರ್ ಬೇಜಾರು ಮಾಡಿಕೊಳ್ಳುತ್ತಾರೆ. ಎಜಿಎಂ (ಷೇರುದಾರರ ವಾರ್ಷಿಕ ಸಭೆ) ಮುಗಿಯಲಿ, ನೋಡೋಣ.

ಸುರೇಶ: ಫಾರಂಗಳೆಲ್ಲ ಹೋಗುವುದೇ ಎಜಿಎಂ ಆದ ಮೇಲೆ ಮಾರಾಯ. ಅದಕ್ಕಿಂತ ಮುಂಚೆ ತಗೋ.