ಸಹಾಯ ಬೇಕು: ಮಗನಿಗೆ ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು?

ಎಲ್ಲರಿಗೂ ನಮಸ್ಕಾರ. ನಾವು ಕೊಡಗಿನ ಸೋಮವಾರಪೇಟೆ ಕಡೆಯವರು, ಸಣ್ಣ ಕಾಫಿ ತೋಟ ಇದೆ. ಮಗನಿಗೆ 8 ವರ್ಷ. ಇವತ್ತಿಗೂ ಅವನ ಶೂ ಲೇಸ್ ಕಟ್ಟುವುದು ನಾನು, ಬ್ಯಾಗ್ ಜೋಡಿಸುವುದು ನಾನು. ಹೋಂವರ್ಕ್ ಪುಸ್ತಕ ಮರೆತರೆ ಸ್ಕೂಟರ್ ಹತ್ತಿ ಸ್ಕೂಲಿಗೆ ಓಡುವುದೂ ನಾನೇ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಅವನು ಕೈಗೂಸು. ಆ ಭಯ ನನ್ನಿಂದ ಇನ್ನೂ ಹೋಗಿಲ್ಲ ಅಂತ ಕಾಣುತ್ತದೆ.

ಮೊನ್ನೆ ತೋಟದ ಕೆಲಸದವರ ಲೈನ್ ಮನೆಯ ಹುಡುಗಿ, ಇವನದೇ ವಯಸ್ಸು, ತಮ್ಮನ ಕಾಲಿಗೆ ಹತ್ತಿದ್ದ ಜಿಗಣೆಗೆ ಉಪ್ಪು ಹಾಕಿ ತೆಗೆದು, ಕೈ ತೊಳೆದು, ಅವನಿಗೆ ಅನ್ನ ಬಡಿಸಿದಳು. ನಮ್ಮವನು ಜಿಗಣೆ ಕಂಡರೆ ನಿಂತಲ್ಲೇ ಅಳುತ್ತಾನೆ. (ಅವಳ ಮೇಲೆ ಅಷ್ಟು ಭಾರ ಬೀಳಬಾರದು, ಅದೂ ಗೊತ್ತು.) ಆದರೆ ಇವನ ಮನಸ್ಸು ಮೆತ್ತಗೆ. ಬಸ್ಸಿನಲ್ಲಿ ಚಿಕ್ಕವರಿಗೆ ಕಿಟಕಿ ಸೀಟು ಬಿಟ್ಟುಕೊಡುತ್ತಾನೆ. ಅದು ಹಾಗೇ ಇರಬೇಕು, ಧೈರ್ಯವೂ ಬರಬೇಕು.

ಈಗ ಅವನೇ ಕೇಳುತ್ತಿದ್ದಾನೆ, ಬಸ್ ಇಳಿದು ಒಬ್ಬನೇ ಮನೆಗೆ ಬರುತ್ತೇನೆ ಅಂತ. ಅರ್ಧ ಕಿಲೋಮೀಟರ್ ತೋಟದ ದಾರಿ. ಜಪಾನಿನಲ್ಲಿ ಒಂದನೇ ಕ್ಲಾಸಿನ ಮಕ್ಕಳೇ ಸ್ಕೂಲಿಗೆ ನಡೆದು ಹೋಗುತ್ತಾರೆ, ಸರಿ. ಅಲ್ಲಿ ದಾರಿಗೆ ಕಾಡಾನೆ ಬರುವುದಿಲ್ಲ ಅಲ್ವಾ! ಹಲಸು ಹಣ್ಣಾಗುವಾಗ ನಮ್ಮಲ್ಲಿ ದೊಡ್ಡವರೇ ಹೆದರುತ್ತಾರೆ.

ಆನೆ ಓಡಾಡುವ ಕಡೆ ಮಕ್ಕಳನ್ನು ಬೆಳೆಸಿದವರು ಹೇಳಿ. ಯಾವುದಕ್ಕೆ ಬಿಟ್ಟಿರಿ, ಯಾವುದಕ್ಕೆ ಬಿಡಲಿಲ್ಲ? ಪುಸ್ತಕ ಮರೆತರೆ ಬೈಸಿಕೊಳ್ಳಲಿ ಅಂತ ಸುಮ್ನೆ ಇರಬೇಕಾ? ಮಾವ "ಬಿಡಮ್ಮ, ಕಲೀತಾನೆ" ಅನ್ನುತ್ತಾರೆ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ.